ನೆಗೆಣ್ಣಿಯ ಎಮ್ಮೆಗೆ ಹುಳ ಬಿದ್ದದ್ದು

ನನ್ನ ನೆಗೆಣ್ಣಿಯ ಎಮ್ಮೆ ಸತ್ತು ಎರಡು ಮಳೆಗಾಲ ಕಳೆದವು. ನನ್ನ ಬೈಗುಳ ತಟ್ಟಿ ಸತ್ತಿತು ಎಂದು ನಮ್ಮ ಓಣಿಯಲ್ಲಿ ಈಗಲೂ ಹೇಳುತ್ತಾರೆ. ಹೇಳುವವರು ಹೇಳಲಿ. ಬೈಗುಳಕ್ಕೆ ಯಾವ ಎಮ್ಮೆಯೂ ಸಾಯುವುದಿಲ್ಲ. ಅದು ಹೇಗೆ ಸತ್ತಿತು ಎನ್ನುವುದು ನನಗೆ ಗೊತ್ತು, ಅವಳಿಗೆ ಗೊತ್ತು.

ನೆಗೆಣ್ಣಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಹರಿಹರದಲ್ಲಿ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಮೊದಲು ನಮ್ಮೆಲ್ಲರದೂ ಒಂದೇ ಮನೆ. ಅಣ್ಣ ತಮ್ಮ ಬೇರೆಯಾದಾಗ ನಡುವೆ ಗೋಡೆ ಎದ್ದಿತು. ಮನೆಯೊಳಗೆ ಸೂರಿನವರೆಗೆ ಗೋಡೆ ಇದೆ, ಹಿತ್ತಲಿಗೆ ಬರುವ ಹೊತ್ತಿಗೆ ಇಟ್ಟಿಗೆ ಸಾಲದೆ ಎದೆಮಟ್ಟಕ್ಕೆ ನಿಂತಿದೆ. ಆ ಮೋಟು ಗೋಡೆಯ ಈ ಕಡೆ ನನ್ನ ಎರಡು ಎಮ್ಮೆ, ಆ ಕಡೆ ಅವಳ ಒಂದು ಎಮ್ಮೆ. ಗಂಡಂದಿರು ಇಬ್ಬರೂ ತೀರಿಕೊಂಡರು. ನನ್ನ ಜೊತೆ ಮಗ ಸೊಸೆ ಇದ್ದಾರೆ, ಮಗನಿಗೆ ಪಂಕ್ಚರ್ ಅಂಗಡಿ ಇದೆ. ಅವಳಿಗೆ ಇದ್ದ ಒಬ್ಬ ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದೆ. ಹಾಗಾಗಿ ಆ ಎಮ್ಮೆಯೇ ಅವಳಿಗೆ ಗಂಡಸು, ಅದೇ ದುಡಿಮೆ. ಅದು ಹಾಲು ಕೊಟ್ಟರೆ ಅವಳ ಒಲೆ ಹೊತ್ತುತ್ತಿತ್ತು.

ಇಬ್ಬರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು ದಾವಣಗೆರೆಗೆ ಒಯ್ಯುತ್ತಿದ್ದೆವು. ಒಂದು ದಿನ ನನ್ನ ಸರದಿ, ಒಂದು ದಿನ ಅವಳ ಸರದಿ. ಬೆಳಗಿನ ಬಸ್ಸಿಗೆ ಹೋಗಿ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮನೆ ಮನೆಗೆ ಹಾಕಿ ಬರುವುದು. ಆ ಬಡಾವಣೆಯವರಿಗೆ ಪ್ಯಾಕೆಟ್ ಹಾಲು ಬಾಗಿಲಿಗೇ ಬರುತ್ತದೆ. ಆದರೂ ಮನೆಯಲ್ಲಿ ವಯಸ್ಸಾದವರಿದ್ದರೆ ಎಮ್ಮೆ ಹಾಲೇ ಬೇಕು, ಮೊಸರು ಹೆಪ್ಪಾದರೆ ಪಾತ್ರೆ ಬೋರಲು ಹಾಕಿದರೂ ಬೀಳಬಾರದು ಎನ್ನುತ್ತಾರೆ. ಬಸ್ಸಿನ ಕಂಡಕ್ಟರ್ ಒಬ್ಬ ನನ್ನನ್ನು ಕಂಡರೆ ಕೆಣಕುತ್ತಿದ್ದ.

"ಅಜ್ಜೀ, ಹೆಂಗಸ್ರಿಗೆ ಫ್ರೀ ಐತೆ. ಕ್ಯಾನಿಗಿಲ್ಲ."

"ಅದೂ ಹೆಣ್ಣೇ ಬಿಡಪ್ಪ, ಹಾಲು ಕೊಡ್ತೈತೆ," ಎನ್ನುತ್ತಿದ್ದೆ. ಬಸ್ಸೆಲ್ಲ ನಗುತ್ತಿತ್ತು.

ಆ ವರ್ಷ ಮಳೆ ಹಿಡಿದು ಹೊಡೆಯುವ ದಿನಗಳಲ್ಲಿ ಅವಳ ಎಮ್ಮೆ ಈಯಿತು. ಸುಲಭಕ್ಕೆ ಈಯಲಿಲ್ಲ. ಕರು ಒಂದು ಮುಂಗಾಲನ್ನು ಹಿಂದಕ್ಕೆ ಮಡಚಿಕೊಂಡು ಸಿಕ್ಕಿಹಾಕಿಕೊಂಡಿತ್ತು. ನೆಗೆಣ್ಣಿ ಗೋಡೆಯ ಮೇಲಿಂದ ಕೂಗಿದಳು. ನಾನು ಮೊಣಕೈವರೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೈ ಹಾಕಿದೆ, ಕಾಲು ನೆಟ್ಟಗೆ ಮಾಡಿದೆ. ಆಮೇಲೆ ಇಬ್ಬರೂ ಹಗ್ಗ ಕಟ್ಟಿ ಎಳೆದೆವು. ಹೆಣ್ಣುಗರು, ಜೀವ ಇತ್ತು. ಆದರೆ ಎಮ್ಮೆಯ ಹಿಂಭಾಗ ಹರಿಯಿತು, ನಾಲ್ಕು ಬೆರಳು ಹಿಡಿಯುವಷ್ಟು. ಡಾಕ್ಟರನ್ನು ಕರೆಸಿ ಹೊಲಿಗೆ ಹಾಕಿಸಬೇಕಿತ್ತು. ಹಾಕಿಸಲಿಲ್ಲ. ನಾವೇ ಎಳೆದಿದ್ದೇವೆ, ನಾವೇ ವಾಸಿ ಮಾಡೋಣ ಅಂದವಳು ನಾನೇ.

ನೆಗೆಣ್ಣಿಗೆ ಗಾಯ ಕಂಡರೆ ತಲೆ ಸುತ್ತು ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ಹಾಗೇ. ಕೋಳಿ ಕಾಲು ಮುರಿದುಕೊಂಡರೂ ಸೆರಗು ಮುಚ್ಚಿಕೊಂಡು ಆಚೆ ಹೋಗುತ್ತಾಳೆ.

"ಹತ್ತು ದಿನ ನಾನೇ ತೊಳಿತೀನಿ, ನೀನು ಆ ಕಡೆ ಮಕ ಮಾಡ್ಕಂಡು ಹಗ್ಗ ಹಿಡ್ಕ, ಸಾಕು," ಅಂದೆ.

"ನೀನು ಇರಾದಿಕ್ಕೆ ನಾ ಎಮ್ಮೆ ಕಟ್ಟೀನಿ ಅಕ್ಕಾ," ಅಂದಳು.

ನನ್ನ ಕೈಗೆ ಇದು ಹೊಸದಲ್ಲ. ತವರಿನಲ್ಲಿ ನಮ್ಮಪ್ಪನ ಎತ್ತುಗಳ ಹೆಗಲು ನೊಗಕ್ಕೆ ಉಜ್ಜಿ ಕೆತ್ತಿಹೋದಾಗ, ಅದರಲ್ಲಿ ಹುಳ ಬಿದ್ದಾಗ, ನಮ್ಮವ್ವ ಕೂದಲಿನ ಪಿನ್ನು ಬಿಚ್ಚಿ ಒಂದೊಂದೇ ಹುಳ ತೆಗೆಯುತ್ತಿದ್ದಳು. ನನಗೆ ಏಳು ವರ್ಷ ಆಗುವುದರೊಳಗೆ ಪಿನ್ನು ನನ್ನ ಕೈಗೆ ಬಂತು. ಹುಳದ ಬಗ್ಗೆ ಯಾರೂ ನನಗೆ ಹೇಳಿಕೊಡುವುದು ಬೇಕಿಲ್ಲ. ಹಸಿರಾಗಿ ಹೊಳೆಯುವ ಒಂದು ನೊಣ ಇದೆ, ಮನೆಯ ನೊಣಕ್ಕಿಂತ ದಪ್ಪ. ಅದು ಗಾಯದ ಅಂಚಿಗೆ ರವೆ ಅಂಟಿಸಿದ ಹಾಗೆ ಮೊಟ್ಟೆ ಇಟ್ಟು ಹೋಗುತ್ತದೆ. ಮರುದಿನಕ್ಕೆ ಹುಳ. ಅವು ತಲೆ ಮಾಂಸದೊಳಗೆ ಇಟ್ಟು ಬಾಲ ಹೊರಗೆ ಮಾಡಿಕೊಂಡು ಸಾಲಾಗಿ ನಿಲ್ಲುತ್ತವೆ. ಉಸಿರಾಟ ಬಾಲದಲ್ಲಿ. ಮುಟ್ಟಿದರೆ ಎಲ್ಲವೂ ಒಂದೇ ಸಲ ಒಳಗೆ ಜಗ್ಗಿಕೊಳ್ಳುತ್ತವೆ. ತಿಂದು ಬಲಿತ ಮೇಲೆ ಐದಾರು ದಿನಕ್ಕೆ ತಾವೇ ಉದುರಿ ಮಣ್ಣಿಗೆ ಇಳಿಯುತ್ತವೆ, ಅಲ್ಲಿ ಗೂಡು ಕಟ್ಟಿಕೊಂಡು ಮತ್ತೆ ನೊಣವಾಗಿ ಬರುತ್ತವೆ. ಅಷ್ಟರಲ್ಲಿ ಅದೇ ಗಾಯಕ್ಕೆ ಇನ್ನೊಂದು ನೊಣ, ಇನ್ನೊಂದು ಹಿಂಡು ಹುಳ.

ಅದಕ್ಕೇ ಐದು ದಿನ ಬೆಳಿಗ್ಗೆ ಸಂಜೆ ಬೇವಿನ ಎಲೆ ಕುದಿಸಿದ ನೀರಿನಲ್ಲಿ ತೊಳೆದೆ. ಕರ್ಪೂರ ಪುಡಿ ಮಾಡಿ ಎಣ್ಣೆಯಲ್ಲಿ ಕಲಸಿ ಸುತ್ತ ಹಚ್ಚಿದೆ. ಆ ವಾಸನೆಗೆ ನೊಣ ಹತ್ತಿರ ಬರುವುದಿಲ್ಲ. ಗಾಯ ಅಂಚಿನಿಂದ ಕೂಡಿಕೊಳ್ಳುತ್ತಿತ್ತು.

ಐದನೇ ದಿನ ಹಾಲು ಒಯ್ಯುವುದು ಅವಳ ಸರದಿ. ಎಮ್ಮೆ ಈದ ಮೊದಲ ದಿನಗಳ ಹಾಲು ಗಿಣ್ಣ. ಒಲೆ ಮೇಲಿಟ್ಟರೆ ಒಡೆಯುತ್ತದೆ. ಬೆಲ್ಲ ಹಾಕಿ ಗಿಣ್ಣ ಮಾಡಿ ಮನೆದೇವರಿಗೆ ಎಡೆ ತೋರಿಸಿ ಓಣಿಗೆಲ್ಲ ಹಂಚಿದ್ದೂ ಆಗಿತ್ತು. ಐದು ದಿನ ಆಯಿತಲ್ಲ, ತಿಳಿಯಾಗಿರುತ್ತದೆ ಎಂದು ಅವಳು ಆ ದಿನದ ಹಾಲನ್ನು ನನ್ನ ಹಾಲಿನ ಜೊತೆ ಕ್ಯಾನಿಗೆ ಸುರಿದಳು. ತಿಳಿಯಾಗಿರಲಿಲ್ಲ. ಮರುದಿನ ನಾನು ಹೋದರೆ ಬಿ ಬ್ಲಾಕಿನಲ್ಲಿ ಮನೆ ಮನೆಗೂ ಮಂಗಳಾರತಿ.

"ಏನವ್ವಾ, ಬೀಗರು ಬಂದಿದ್ರು, ಚಾಕ್ಕೆ ಇಟ್ರೆ ಪನೀರ್ ಆತು," ಅಂದಳು ಒಬ್ಬ ಯಜಮಾನಿ. "ನಾಳೆಯಿಂದ ಪ್ಯಾಕೆಟ್ಟೇ ತರಿಸ್ತೀವಿ ಬಿಡು." ಇನ್ನೊಂದು ಮನೆಯಲ್ಲಿ ಗೇಟು ತೆಗೆಯದೆ ಒಳಗಿಂದಲೇ ಬೇಡ ಎಂದು ಕೈ ಆಡಿಸಿದರು.

ಬಸ್ಸಿನಲ್ಲಿ ಬರುವಾಗ ಉಳಿದ ಹಾಲು ಕ್ಯಾನಿನಲ್ಲಿ ಕುಲುಕುತ್ತಿತ್ತು. ಬಂದವಳೇ ಗೋಡೆಗೆ ನಿಂತೆ.

"ಲೇ, ಗಿಣ್ಣದ ಹಾಲು ಕ್ಯಾನಿಗೆ ಸುರ್ದೀಯಾ?"

"ಐದು ದಿನ ಆಗಿತ್ತಲ್ಲಕ್ಕಾ. ಒಡಿಯಲ್ಲ ಅಂದ್ಕಂಡೆ."

"ಅಂದ್ಕಂಡ್ರೆ ಆತೇನು? ಒಂದು ಸೌಟು ಕಾಸಿ ನೋಡಾಕೆ ನಿನ್ನ ಕೈ ಸೇದಿಹೋಗಿತ್ತಾ?"

"ಹೂಂ, ಈ ಮನೆಗೆ ನೀನೊಬ್ಳೇ ಶಾಣ್ಯಾಕಿ. ನಾವೆಲ್ಲ ಸಗಣಿ ತಿನ್ನೋರು."

"ಸಗಣಿ ತಿಂದ್ರೂ ಇಷ್ಟು ಬುದ್ಧಿ ಇರ್ತಿತ್ತು."

"ಬೈಯಿ, ಬೈಯಿ. ಅತ್ತೆ ಹೋದ್ಮ್ಯಾಲೆ ಆ ಪಟ್ಟ ನೀನೇ ಕಟ್ಕಂಡಿದಿ."

ಮಾತಿಗೆ ಮಾತು ಬೆಳೆಯಿತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ನೋಡುವವರು ಇದ್ದರೆ ಬಾಯಿ ಇನ್ನೂ ದೊಡ್ಡದಾಗುತ್ತದೆ. ಕೊನೆಗೆ ನಾನು ಅಂದೆ, "ನಿನ್ನ ಎಮ್ಮೆಗೆ ಹುಳ ಬೀಳ್ಲಿ!"

ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಅವಳೂ ಒಳಗೆ ಹೋದಳು.

ನಮ್ಮ ಕಡೆ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಸಾಯಿ ಎಂದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಸಾವು ಎಲ್ಲರಿಗೂ ಇದ್ದದ್ದೇ. ಹುಳ ಬೀಳುವುದು ಎಂದರೆ ಜೀವ ಇರುವಾಗಲೇ ಹೆಣ ಆದ ಹಾಗೆ. ಮನುಷ್ಯರಿಗಾಗಲಿ ದನಕ್ಕಾಗಲಿ ಹುಳ ಬಿತ್ತು ಅಂದರೆ ಆ ಮನೆಯವರು ಯಾರದೋ ಹೊಟ್ಟೆ ಉರಿಸಿದ್ದಾರೆ, ಅದಕ್ಕೆ ಶಾಪ ತಟ್ಟಿದೆ ಎಂದು ಮಾತನಾಡಿಕೊಳ್ಳುತ್ತಾರೆ. ಹಾಗಾಗಿ ಹುಳ ಬಿದ್ದವರು ಮೊದಲು ಮಾಡುವ ಕೆಲಸ ಬಾಗಿಲು ಹಾಕುವುದು.

ಅವತ್ತು ಸಂಜೆ ನಾನು ಗಾಯ ತೊಳೆಯಲು ಹೋಗಲಿಲ್ಲ. ಅವಳು ಕರೆಯಲಿಲ್ಲ. ಮರುದಿನದಿಂದ ಕ್ಯಾನು ಬೇರೆ, ಬಸ್ಸು ಬೇರೆ. ಉಳಿದ ಮನೆಗಳನ್ನೂ ಹಂಚಿಕೊಂಡೆವು, ರಸ್ತೆಯ ಈ ಕಡೆಯವು ನನಗೆ, ಆ ಕಡೆಯವು ಅವಳಿಗೆ. ಅವಳೇ ಗಾಯ ತೊಳೆಯಲಿ, ನನ್ನ ಬೆಲೆ ಗೊತ್ತಾಗಲಿ ಅಂದುಕೊಂಡೆ. ಅವಳು ತೊಳೆಯುವವಳಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಅಂದುಕೊಂಡೆ.

ಜಗಳ ಆದ ಮೂರನೇ ದಿನ ಬೆಳಿಗ್ಗೆ ಸಗಣಿ ಬಾಚುತ್ತಿದ್ದೆ. ಗಾಳಿ ಹೊಳೆಯ ಕಡೆಯಿಂದ ಬೀಸಿತು. ಹುಳದ ವಾಸನೆ ಬಂತು. ಕೊಳೆತ ಮಾಂಸದ್ದೂ ಅಲ್ಲ, ಕೀವಿನದ್ದೂ ಅಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಗಂಟಲಿಗೆ ಅಂಟುತ್ತದೆ. ಒಂದು ಸಲ ಮೂಸಿದವರು ಮರೆಯುವುದಿಲ್ಲ. ಪೊರಕೆ ಹಿಡಿದುಕೊಂಡೇ ನಿಂತೆ. ಗೋಡೆಯ ಆಚೆ ಎಮ್ಮೆ ಕಾಲು ನೆಲಕ್ಕೆ ಅಪ್ಪಳಿಸುತ್ತಿತ್ತು. ಬಾಲ ಬಡಿಯುವ ಸದ್ದು ಬಿಡದೆ ಕೇಳುತ್ತಿತ್ತು.

ಸೊಸೆ ಮೂಗು ಮುಚ್ಚಿಕೊಂಡು ಬಂದಳು. "ಅತ್ತೆ, ಏನೋ ಸತ್ತೈತೆ ನೋಡ್ರಿ. ಇಲಿ ಇರ್ಬೇಕು."

"ಇಲಿನೇ ಇರ್ಬೇಕು," ಅಂದೆ.

ಅವಳು ಹುಲ್ಲಿನ ಬಣವೆ, ಬೂಸಾ ಚೀಲ ಎಲ್ಲ ಎತ್ತಿ ಎತ್ತಿ ಇಲಿ ಹುಡುಕಿದಳು. ನಾನು ಹುಡುಕಲಿ ಎಂದು ಬಿಟ್ಟೆ.

ಅವತ್ತೇ ಹೋಗಿದ್ದರೆ ಮುಗಿಯುತ್ತಿತ್ತು. ಹುಳ ಇನ್ನೂ ಅಕ್ಕಿಕಾಳಿಗಿಂತ ಸಣ್ಣದು, ಮೇಲೇ ಇರುತ್ತದೆ. ಸೀತಾಫಲದ ಎಲೆ ಸುಣ್ಣದ ಜೊತೆ ಅರೆದು ತುಂಬಿದರೆ ಉಸಿರು ಕಟ್ಟಿ ಹೊರಗೆ ಬರುತ್ತವೆ, ಪಿನ್ನಿನಿಂದ ಹೆಕ್ಕಬಹುದು. ಅರ್ಧ ಗಂಟೆಯ ಕೆಲಸ. ಗಿಡ ನನ್ನ ಹಿತ್ತಲಲ್ಲೇ ಇದೆ. ನಾನು ಹೋಗಲಿಲ್ಲ. ಬಂದು ಕರೆಯಲಿ, ಅಕ್ಕಾ ತಪ್ಪಾತು ಅನ್ನಲಿ, ಆಮೇಲೆ ಹೋಗುತ್ತೇನೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಅವಳೂ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ನಾಲ್ಕನೇ ದಿನ ಮಧ್ಯಾಹ್ನ ಗೊತ್ತಾಯಿತು. ಹಿತ್ತಲಿನಲ್ಲಿ ಕುಳಿತು ಫೋನ್ ಮಾಡುತ್ತಿದ್ದಳು. ಅವಳ ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತನಾಡುತ್ತಾಳೆ. ಮಲೆಬೆನ್ನೂರು ಕಡೆಯ ಒಂದು ಹಳ್ಳಿಯಲ್ಲಿ ಹುಳಕ್ಕೆ ಮಂತ್ರ ಹಾಕುವ ಮುದುಕನೊಬ್ಬ ಇದ್ದಾನೆ. ಮೊದಲು ಅವನ ಮನೆಗೆ ಹೋಗಿ ದನದ ಬಣ್ಣ, ಗಾಯ ಎಲ್ಲಿ ಎಂದು ಹೇಳಿ ಬರಬೇಕಿತ್ತು. ಈಗ ಫೋನಿನಲ್ಲೇ ಹಾಕುತ್ತಾನೆ.

"ಯಾವ ಬಣ್ಣ ತಾಯಿ?"

"ಎಮ್ಮೆ ರೀ. ಕರೇದು."

"ಎಮ್ಮೆ ಕರೇದೇ ಇರ್ತೈತೆ. ಚುಕ್ಕೆ ಗಿಕ್ಕೆ?"

"ಹಣೆ ಮ್ಯಾಲೆ ಸ್ವಲ್ಪ ಬೆಳ್ಳಗೈತೆ ರೀ."

"ಎಲ್ಲಿ ಬಿದ್ದೈತೆ?"

ಅವಳು ದನಿ ಇಳಿಸಿದಳು. "ಹಿಂದೆ ರೀ. ಈದ ಜಾಗದಾಗೆ."

"ಯಾರಾದ್ರೂ ಬಾಯಿ ಮಾಡ್ಯಾರಾ?"

"ಹೂಂ ರೀ. ನಮ್ಮ ಮನೆಯೋರೇ," ಅಂದಳು.

"ಅವರ ನೆಳ್ಳು ಬೀಳಂಗಿಲ್ಲ. ಮೂರು ದಿನ ಗಾಯ ಯಾರೂ ನೋಡಂಗಿಲ್ಲ, ನೀರು ಮುಟ್ಟಿಸಂಗಿಲ್ಲ, ನೀನೂ ನೋಡಂಗಿಲ್ಲ. ಗೋಣಿ ಕಟ್ಟಿಬಿಡು. ಮೂರನೇ ದಿನಕ್ಕೆ ಉದುರಿ ಬೀಳ್ತವೆ."

ಗಾಯ ಕಂಡರೆ ತಲೆ ಸುತ್ತುವವಳಿಗೆ ನೋಡಬೇಡ ಎಂದರೆ ಇನ್ನೇನು ಬೇಕು. ಅವಳ ದನಿಗೆ ಜೀವ ಬಂತು. "ಆತು ರೀ, ಆತು ರೀ, ನಿಮ್ಮ ಪಾದಕ್ಕೆ ಬಿದ್ದೆ ರೀ," ಅಂದಳು.

ಮೂರನೇ ದಿನಕ್ಕೆ ಉದುರುವುದು ನಿಜ. ಬಲಿತ ಹುಳ ಮಂತ್ರ ಹಾಕಿದರೂ ಉದುರುತ್ತದೆ, ಹಾಕದಿದ್ದರೂ ಉದುರುತ್ತದೆ. ಆ ಮುದುಕ ಸುಳ್ಳ ಅಲ್ಲ, ಅವನೂ ನಂಬಿದ್ದಾನೆ. ಉದುರುವುದನ್ನು ನೋಡಿ ನೋಡಿ ಅವನಿಗೆ ಅವನ ಮಂತ್ರದ ಮೇಲೆ ಭಕ್ತಿ ಬಂದಿದೆ. ಉದುರುವ ಮೊದಲು ಎಷ್ಟು ತಿಂದಿರುತ್ತದೆ, ಉದುರಿದವುಗಳ ಹಿಂದೆ ಎಷ್ಟು ಸಣ್ಣವು ಒಳಗೆ ನುಗ್ಗಿರುತ್ತವೆ, ಅದು ಫೋನಿನಲ್ಲಿ ಕಾಣಿಸುವುದಿಲ್ಲ.

ಸಂಜೆ ಮನಸ್ಸು ತಡೆಯಲಿಲ್ಲ. ಬಾಣಲೆಯಲ್ಲಿ ಬೇವಿನ ನೀರು ಹಿಡಿದುಕೊಂಡು ಗೋಡೆಗೆ ಹೋದೆ. ಎಮ್ಮೆಯ ಹಿಂಭಾಗಕ್ಕೆ ಗೋಣಿಚೀಲ ಬಿಗಿದು ಕಟ್ಟಿದ್ದಳು. ಗೋಣಿ ಒದ್ದೆಯಾಗಿತ್ತು.

"ಗೋಣಿ ಬಿಚ್ಚು. ತೊಳಿತೀನಿ," ಅಂದೆ.

ಅವಳು ಓಡಿ ಬಂದು ಎಮ್ಮೆಗೂ ನನಗೂ ನಡುವೆ ನಿಂತಳು. "ನೀನು ಈ ಕಡೆ ಬರಬ್ಯಾಡ. ನಿನ್ನ ನೆಳ್ಳು ಬೀಳಂಗಿಲ್ಲ."

"ನೆಳ್ಳಿಗೆ ಬೆಂಕಿ ಬೀಳ್ಲಿ. ಹುಳ ಒಳಗೆ ಹೊಂಟಾವೆ, ಹುಚ್ಚಿ."

"ಬೀಳ್ಲಿ ಅಂದಾಕಿ ನೀನೇ. ಬಿದ್ದಾವೆ. ನೋಡಾಕೆ ಬಂದೀಯಾ, ಸರಿಯಾಗಿ ಬಿದ್ದಾವೋ ಇಲ್ಲೋ ಅಂತ?"

ಇದಕ್ಕೆ ನನ್ನಲ್ಲಿ ಉತ್ತರ ಇತ್ತು, ಗೋಡೆ ಹಾರಿ ಹೋಗುವುದು. ಎದೆಮಟ್ಟದ ಗೋಡೆ, ಸುತ್ತಿ ಹೋದರೆ ಅವಳ ಮುಂಬಾಗಿಲೂ ಇದೆ, ಅವಳಿಗಿಂತ ನನಗೆ ಬಲ ಹೆಚ್ಚು. ಹಾರಲಿಲ್ಲ. ನೀರನ್ನು ಅಲ್ಲೇ ಚೆಲ್ಲಿ ಒಳಗೆ ಬಂದೆ.

ಸೊಸೆಗೆ ಅಷ್ಟೊತ್ತಿಗೆ ಎಲ್ಲ ತಿಳಿದಿತ್ತು. "ದನದ ಡಾಕ್ಟ್ರಿಗೆ ನಾನೇ ಫೋನ್ ಮಾಡ್ಲೇನ್ರಿ ಅತ್ತೆ? ನಂಬರ್ ಐತೆ," ಅಂದಳು.

"ಅವಳ ಎಮ್ಮೆ. ಅವಳು ಮಾಡ್ಲಿ."

"ಅವರು ಮಾಡಲ್ಲ. ಡಾಕ್ಟ್ರು ಬಂದ್ರೆ ಓಣಿಗೆಲ್ಲ ಗೊತ್ತಾಗ್ತೈತೆ. ಇಂಜೆಕ್ಷನ್ ಮಾಡಿದ್ರೆ ಹಾಲು ಮಾರಬ್ಯಾಡ ಅಂತಾರೆ."

"ಹಂಗಾದ್ರೆ ಬಿಡು."

ಸೊಸೆ ನನ್ನ ಮುಖ ನೋಡಿದಳು. ಆಮೇಲೆ ರೊಟ್ಟಿ ತಟ್ಟಲು ಹೋದಳು. ಆ ದಿನ ಅವಳು ತಟ್ಟಿದ ಸದ್ದು ಬೇರೆ ದಿನಗಳಿಗಿಂತ ಜೋರಾಗಿತ್ತು.

ಮೂರು ದಿನ ಹೀಗೇ ಹೋಯಿತು. ಎಮ್ಮೆ ಮೊದಲು ಹಿಂಡಿ ಬಿಟ್ಟಿತು, ಆಮೇಲೆ ಹುಲ್ಲು ಬಿಟ್ಟಿತು. ಕರುವನ್ನು ಹತ್ತಿರ ಸೇರಿಸಲಿಲ್ಲ. ಮಲಗಲು ಹೋಗಿ ಮತ್ತೆ ಎದ್ದು ನಿಲ್ಲುತ್ತಿತ್ತು. ತಿಣುಕುವ ಸದ್ದು ಕೇಳಿಸುತ್ತಿತ್ತು, ಇನ್ನೊಂದು ಕರು ಈಯುವ ಹಾಗೆ. ನಾನು ನನ್ನ ಎಮ್ಮೆ ಕರೆಯುತ್ತ ಕೂತಾಗ ಕಿವಿ ಆ ಕಡೆಯೇ. ನನ್ನ ಎಮ್ಮೆಗಳೂ ಆ ಕಡೆಗೇ ತಲೆ ಮಾಡಿ ನಿಂತಿರುತ್ತಿದ್ದವು, ಹಾಲು ಸರಿಯಾಗಿ ಇಳಿಸುತ್ತಿರಲಿಲ್ಲ.

ಮೂರನೇ ದಿನ ಸಂಜೆ ಅವಳ ದನಿ ಕೇಳಿತು. ಯಾರಿಗೂ ಹೇಳುತ್ತಿರಲಿಲ್ಲ, ನನಗೆ ಕೇಳಲಿ ಎಂದೇ ಕೂಗುತ್ತಿದ್ದಳು. "ಉದುರ್ತಾವೆ! ಯವ್ವಾ, ಮುಷ್ಟಿ ಮುಷ್ಟಿ ಉದುರ್ತಾವೆ! ಯಾರ ಬಾಯಿ ಏನ್ ಮಾಡ್ತೈತೆ, ದೇವರು ನನ್ನ ಕಡೆ ಅದಾನೆ!"

ಗೋಡೆಯ ಮೇಲಿಂದ ನೋಡಿದೆ. ಎಮ್ಮೆಯ ಕಾಲ ಬುಡದಲ್ಲಿ ಬಿಳಿ ಹುಳಗಳು, ಹೆಬ್ಬೆರಳಿನ ಉಗುರಿನಷ್ಟು ಉದ್ದ, ದಪ್ಪಗೆ, ಮಣ್ಣು ಹುಡುಕಿಕೊಂಡು ಹೊರಟಿದ್ದವು. ನೆಗೆಣ್ಣಿಯ ಕೋಳಿಗಳು ಓಡಿ ಬಂದು ಹೆಕ್ಕುತ್ತಿದ್ದವು. ಅವಳು ದೀಪ ಹಚ್ಚಿ ತಂದು ಎಮ್ಮೆಗೆ ಬೆಳಗಿದಳು. ಎಮ್ಮೆ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕ್ಯಾನು ತೊಳೆಯುತ್ತಿದ್ದಾಗ ಅವಳು ಮುಂಬಾಗಿಲಿಗೆ ಬಂದಳು. ಜಗಳ ಆದ ಮೇಲೆ ಅದೇ ಮೊದಲ ಸಲ ನನ್ನ ಬಾಗಿಲಿಗೆ ಬಂದದ್ದು. ಸೀರೆ ಅರ್ಧ ಉಟ್ಟಿದ್ದಳು, ಅರ್ಧ ಕೈಯಲ್ಲಿತ್ತು.

"ಅಕ್ಕಾ, ಬಾ," ಅಂದಳು. "ಬಿದ್ದೈತೆ. ಏಳ್ತಿಲ್ಲ."

ಕ್ಯಾನು ಅಲ್ಲೇ ಬಿಟ್ಟು ಹೋದೆ. ಸೊಸೆಗೆ ಡಾಕ್ಟರಿಗೆ ಫೋನ್ ಮಾಡು ಎಂದು ಕೂಗಿದೆ. ಮೂರು ದಿನದ ಹಿಂದೆ ಅವಳು ಕೇಳಿದ್ದನ್ನು ಈಗ ನಾನು ಹೇಳಿದೆ. ಅವಳು ಫೋನ್ ಹಚ್ಚಿದಳು.

ಗೋಣಿ ಬಿಚ್ಚಿದೆ. ಜೀವಮಾನದಲ್ಲಿ ಬೇಕಾದಷ್ಟು ಹುಳ ನೋಡಿದ್ದೇನೆ. ಹಾಗೆ ನೋಡಿರಲಿಲ್ಲ. ನಾಲ್ಕು ಬೆರಳಿನ ಹರಿದ ಗಾಯ ಇದ್ದ ಕಡೆ ನನ್ನ ಮುಷ್ಟಿ ಹೋಗುವಷ್ಟು ಗುಂಡಿ. ಅದರ ಗೋಡೆಯಲ್ಲಿ ಹುಳ ಸಾಲು ಸಾಲಾಗಿ ನಿಂತಿದ್ದವು, ಸಂತೆಯಲ್ಲಿ ಜನ ನಿಂತ ಹಾಗೆ. ಬೆಳಕು ಬಿದ್ದ ಕೂಡಲೇ ಎಲ್ಲ ಒಟ್ಟಿಗೆ ಒಳಗೆ ಸರಿದವು, ಮಾಂಸವೇ ಅಲುಗಿದ ಹಾಗೆ ಕಂಡಿತು. ಸೀತಾಫಲದ ಸೊಪ್ಪು ಅರೆದು ತಂದು ತುಂಬಿದೆ. ಪಿನ್ನಿನಿಂದ ಆಗುವ ಕೆಲಸ ಅಲ್ಲ, ಬೆರಳಿನಿಂದಲೇ ಬಗೆದೆ. ಬಗೆದಷ್ಟೂ ಬಂದವು. ಸೀಮೆಎಣ್ಣೆ ಹಾಕಿದ ಬೋಗುಣಿಗೆ ಹಾಕುತ್ತ ಹೋದೆ. ಒಳಗಿನ ಗೋಡೆ ಒಂದು ಕಡೆ ತೂತಾಗಿತ್ತು. ಅಲ್ಲಿಂದ ಸಗಣಿ ಬರುತ್ತಿತ್ತು. ಆಗ ನನಗೆ ಗೊತ್ತಾಯಿತು. ಆದರೂ ಕೈ ನಿಲ್ಲಿಸಲಿಲ್ಲ.

ನೆಗೆಣ್ಣಿ ಎಮ್ಮೆಯ ತಲೆಯ ಹತ್ತಿರ ಕೂತು, ಆ ಕಡೆ ಮುಖ ಮಾಡಿಕೊಂಡು, ಹಗ್ಗ ಹಿಡಿದಿದ್ದಳು. ಏಳದ ಎಮ್ಮೆಗೆ ಹಗ್ಗ ಯಾಕೆ ಎಂದು ನಾನು ಕೇಳಲಿಲ್ಲ.

ಡಾಕ್ಟರು ಹನ್ನೊಂದು ಗಂಟೆಗೆ ಬಂದರು. ಚಿಕ್ಕ ವಯಸ್ಸಿನವರು, ಒಳ್ಳೆ ಮನುಷ್ಯ. ಕೈಗೆ ಉದ್ದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಪರೀಕ್ಷೆ ಮಾಡಿದರು. ಎರಡು ಇಂಜೆಕ್ಷನ್ ಕೊಟ್ಟರು, ಔಷಧಿ ತುಂಬಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಎಷ್ಟು ದಿನ ಆತಮ್ಮಾ ಹುಳ ಬಿದ್ದು?"

"ನಂಗೆ ಗೊತ್ತಾಗಿ ನಾಲ್ಕು ದಿನ ರೀ," ಅಂದಳು ನೆಗೆಣ್ಣಿ. "ಮಂತ್ರ ಹಾಕ್ಸಿದ್ದೆ ರೀ. ಉದುರಿದ್ವು. ನಿನ್ನೆ ಬೊಗಸೆಗಟ್ಲೆ ಉದುರಿದ್ವು ರೀ, ಖರೇನೇ."

"ಹೊಟ್ಟೆ ತುಂಬಿದ ಹುಳ ಉದುರ್ತೈತೆ. ಅದು ನೊಣ ಆಗಾಕೆ ಹೋಗೋದು ತಾಯೀ, ಸಾಯಾಕಲ್ಲ." ಅವರು ಕೈ ತೊಳೆದುಕೊಂಡರು. "ಮೊದಲ್ನೇ ದಿನ, ಎರಡ್ನೇ ದಿನ ಕರೆದಿದ್ರೆ ಒಂದು ಇಂಜೆಕ್ಷನ್ನಿಗೆ ಹೋಗ್ತಿತ್ತು. ಈಗ ಕರುಳಿಗೆ ತೂತು ಬಿದ್ದೈತೆ. ನೋಡಾಣ."

ನೋಡೋಣ ಎಂದರೆ ಏನು ಎನ್ನುವುದು ನಮಗೂ ಗೊತ್ತು. ಎಮ್ಮೆ ಎರಡು ದಿನ ಇತ್ತು. ಆ ಎರಡು ದಿನವೂ ನಾನು ಬೆಳಿಗ್ಗೆ ಸಂಜೆ ಹುಳ ತೆಗೆದೆ. ಕೊನೆಯ ಸಲ ತೆಗೆಯುವಾಗ ಎಮ್ಮೆಯ ಮೈ ತಣ್ಣಗಾಗಿತ್ತು, ಹುಳಗಳು ಮಾತ್ರ ಬೆಚ್ಚಗಿದ್ದವು. ಎಮ್ಮೆಗೆ ಜೀವ ಹೋಗಿತ್ತು, ನನಗೆ ತಿಳಿದಿರಲಿಲ್ಲ. ಸೊಸೆ ಬಂದು "ಸಾಕು ಬಿಡ್ರಿ ಅತ್ತೆ," ಎಂದು ಕೈ ಹಿಡಿದಳು. ಮಧ್ಯಾಹ್ನ ಟ್ರ್ಯಾಕ್ಟರ್ ಬಂತು. ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ನೆಲದ ಮೇಲೆ ಗೆರೆ ಉಳಿಯಿತು. ನಾನು ಸಗಣಿ ಹಾಕಿ ಸಾರಿಸಿದೆ.

ಅಂದು ಸಂಜೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಒಂದು ತಟ್ಟೆಯಲ್ಲಿ ರೊಟ್ಟಿ ಪಲ್ಯ ಒಯ್ದು ಪಕ್ಕದಲ್ಲಿ ಇಟ್ಟೆ. ತಿನ್ನಲಿಲ್ಲ, ದೂಡಲೂ ಇಲ್ಲ.

"ನೀ ಬೈದಿದ್ದಕ್ಕೆ ನಾ ಏನೂ ಅನ್ನಲ್ಲ ಅಕ್ಕಾ," ಅಂದಳು. "ಬೈಯೋರೇ ಮನೆಯೋರು. ಸಿಟ್ಟು ಬಂದ್ರೆ ಬಾಯಿ ನಮ್ಮ ಮಾತು ಕೇಳ್ತೈತಾ? ನಾನೂ ಅಂದೀನಿ ಬೇಕಾದಷ್ಟು. ಹಣೆಬರಹ. ನಿನ್ನ ಬಾಯಿಂದ ಬರ್ಬೇಕಂತ ಇತ್ತು, ಬಂತು."

ನಾನು ಹೂಂ ಅಂದು ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಓಣಿಯವರ ಬಾಯಿಯೂ ನಾಲ್ಕು ದಿನಕ್ಕೆ ಮುಚ್ಚುತ್ತಿತ್ತು. ಅಕ್ಕ ತಂಗಿ ಮತ್ತೆ ಒಂದೇ ಕ್ಯಾನು ಹಿಡಿಯುತ್ತಿದ್ದೆವು, ನನ್ನ ಒಂದು ಎಮ್ಮೆ ಅವಳ ಕಡೆ ಕಟ್ಟುತ್ತಿದ್ದೆ, ಅದನ್ನೂ ಯೋಚಿಸಿದ್ದೆ. ಆದರೆ ಅವಳು ನನ್ನ ತಪ್ಪನ್ನು ಬೈಗುಳದ ತಲೆಗೆ ಹೊರಿಸುತ್ತಿದ್ದಳು. ಅದನ್ನು ನನಗೆ ಸಹಿಸಲಾಗಲಿಲ್ಲ. ಹಾಗೆ ಆಗಬಾರದು ಅನ್ನಿಸಿತು.

"ಬೈದಿದ್ದಕ್ಕೆ ಹುಳ ಬೀಳಲ್ಲ," ಅಂದೆ. "ನೊಣ ಕೂತ್ರೆ ಬೀಳ್ತೈತೆ. ನಾ ತೊಳೆಯಾದು ಬಿಟ್ಟೆ, ನೊಣ ಕೂತ್ವು. ಜಗಳ ಆದ ಮೂರ್ನೇ ದಿನ ಬೆಳಿಗ್ಗೆನೇ ನಂಗೆ ವಾಸನೆ ಬಂದಿತ್ತು. ನಿಂಗಿಂತ ಮೊದ್ಲೇ ಗೊತ್ತಾಗಿತ್ತು."

ಅವಳು ತಿರುಗಿ ನೋಡಿದಳು. "ಗೊತ್ತಾಗಿ?"

"ಗೊತ್ತಾಗಿ ಕುಂತಿದ್ದೆ. ನೀ ಬಂದು ಕರೀಲಿ ಅಂತ."

ಕರು ಹಗ್ಗ ಜಗ್ಗಿ ಒದರುತ್ತಿತ್ತು. ಅವಳು ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟಳು. ಮೆಲ್ಲಗೆ, ಒಂದು ರೊಟ್ಟಿಯೂ ಜಾರದ ಹಾಗೆ ಕೊಟ್ಟಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶಾಪ ಹಾಕಿದವಳನ್ನು ಕ್ಷಮಿಸುವುದಕ್ಕೆ ಅವಳಿಗೆ ಮನಸ್ಸಿತ್ತು. ಕಾದು ಕೂತವಳನ್ನು ಕ್ಷಮಿಸುವುದಕ್ಕೆ ಇರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಕರುವನ್ನು ಅವಳ ಮಗಳ ಕಡೆಯವರು ಬಂದು ಲಗೇಜು ಆಟೋದಲ್ಲಿ ರಾಣೆಬೆನ್ನೂರಿಗೆ ಒಯ್ದರು. ನನ್ನ ಎಮ್ಮೆಯ ಹಾಲು ಕುಡಿಸುತ್ತೇನೆ, ಇಲ್ಲೇ ಇರಲಿ ಎಂದು ಸೊಸೆಯ ಕೈಯಲ್ಲಿ ಹೇಳಿ ಕಳಿಸಿದ್ದೆ. ಉತ್ತರ ಬರಲಿಲ್ಲ. ನೆಗೆಣ್ಣಿ ಅವರ ಜೊತೆ ಹೋಗಲಿಲ್ಲ. ಮಗಳ ಮನೆಯಲ್ಲಿ ಅನ್ನ ತಿನ್ನುವವಳಲ್ಲ ಅವಳು.

ಅವಳು ಹಾಲು ಹಾಕುತ್ತಿದ್ದ ಮನೆಗಳವರು ಒಬ್ಬೊಬ್ಬರಾಗಿ ನನ್ನನ್ನು ನಿಲ್ಲಿಸಿ ಕೇಳಿದರು. ಯಾರಾದರೂ ಹಾಕಲೇಬೇಕಲ್ಲ. ಈಗ ರಸ್ತೆಯ ಎರಡೂ ಕಡೆ ನಾನೇ ಹಾಕುತ್ತೇನೆ. ಮಗ ಇನ್ನೊಂದು ಎಮ್ಮೆ ಕಟ್ಟಿಸಿಕೊಟ್ಟಿದ್ದಾನೆ.

ನೆಗೆಣ್ಣಿ ಆ ಬಡಾವಣೆಯಲ್ಲೇ ಮೂರು ಮನೆ ಪಾತ್ರೆ ತೊಳೆಯುವುದು, ನೆಲ ಒರೆಸುವುದು ಹಿಡಿದಿದ್ದಾಳೆ. ನನಗಿಂತ ಮೊದಲಿನ ಬಸ್ಸಿಗೆ ಹೋಗುತ್ತಾಳೆ. ಅದರಲ್ಲಿ ಒಂದು ಮನೆ ನನ್ನದೂ ಹೌದು. ನಾನು ಗೇಟಿನಲ್ಲಿ ನಿಂತು "ಹಾಲು" ಎಂದು ಕೂಗಿದರೆ ಆ ಮನೆಯ ಯಜಮಾನಿ ಒಳಗಿಂದಲೇ, "ಏ, ಹಾಲು ತಗಾ ಹೋಗು," ಎನ್ನುತ್ತಾಳೆ. ನೆಗೆಣ್ಣಿ ಸ್ಟೀಲಿನ ಪಾತ್ರೆ ಹಿಡಿದು ಬರುತ್ತಾಳೆ. ನಾವು ಯಾರು ಯಾರಿಗೆ ಏನಾಗಬೇಕು ಎನ್ನುವುದು ಆ ಯಜಮಾನಿಗೆ ಗೊತ್ತಿಲ್ಲ. ಹೇಳುವ ಅಗತ್ಯವೂ ಬಂದಿಲ್ಲ.

ಅವಳು ಪಾತ್ರೆ ಹಿಡಿಯುತ್ತಾಳೆ. ನಾನು ಲೀಟರಿನಲ್ಲಿ ಅಳೆದು ಸುರಿಯುತ್ತೇನೆ. ಮೇಲೆ ಸ್ವಲ್ಪ ಹೆಚ್ಚಿಗೆ ಹಾಕಲು ಹೋದರೆ ಪಾತ್ರೆ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ, ಹಾಲು ಮೆಟ್ಟಿಲ ಮೇಲೆ ಬೀಳುತ್ತದೆ. ಅವಳೇ ಒರೆಸಬೇಕು. ಎರಡು ಸಲ ಹಾಗಾಯಿತು. ಈಗ ಅಳತೆಗೆ ಸರಿಯಾಗಿ ಹಾಕುತ್ತೇನೆ.